ಟೇಪು ಒತ್ತೋ ಗಂಡು

ಇದನ್ನ ಸುಳ್ಳು ಅನ್ನೋ ಗಂಡಸಿದ್ರೆ ಚಳ್ಳಕೆರೆ ಬಸ್ ಸ್ಟ್ಯಾಂಡಿಗೆ ಬರ್ಲಿ, ಎದುರಿಗೇ ಹೇಳ್ತೀನಿ. ಔಷಧಿ ಪ್ರಯೋಗಕ್ಕೆ ಸಾಕಿರೋ ಬಿಳಿ ಇಲಿಗಳನ್ನ ಹೊಟ್ಟೆಹುಳದಿಂದ ಕಾಯೋದು ನನ್ನ ಕೆಲಸ. ಅದ್ರಾಗೆ ನನ್ನಂಥೋನು ಈ ಜಿಲ್ಲೇಲೇ ಇಲ್ಲ. ಆದ್ರೆ ಮೊಳಕಾಲ್ಮೂರಿನ ಮಗ್ಗದ ಮನೆ ಹುಡುಗಿ ಮೇಲೆ ಮನಸ್ಸಾದಾಗಿಂದ ಈ ಕೆಲಸ ಒಂದಲ್ಲ ಒಂದು ಫಜೀತಿ ತರ್ತಾನೇ ಐತೆ.

೧

ಇಲಿ ಬಾಲ ಎತ್ತಿ, ಬುಡಕ್ಕೆ ಅಂಟು ಟೇಪು ಒತ್ತಿ, ಅದನ್ನ ಗಾಜಿಗೆ ಅಂಟಿಸಿ ಮೈಕ್ರೋಸ್ಕೋಪಲ್ಲಿ ಹುಳದ ಮೊಟ್ಟೆ ಹುಡುಕ್ತೀನಿ. ಒಂದಿನ ಹುಡುಗಿ ಫೋನಲ್ಲಿ ಮೆಲ್ಲಗೆ ಕೇಳಿದ್ಲು, "ಕೆಲಸದಾಗೆ ನನ್ನ ನೆನಪಾಗುತ್ತೇನ್ರೀ?"

"ಒಂದೊಂದು ಇಲಿ ಬಾಲ ಎತ್ತಿದಾಗ್ಲೂ ನಿನ್ನ ನೆನಪೇ" ಅಂದೆ.

ಆ ವಾರ ಅವಳು ಫೋನೇ ಎತ್ತಲಿಲ್ಲ.

೨

ಅವಳನ್ನ ನೋಡೋಕೆ ಹೊರಟ ದಿನಾನೇ ಒಂದು ಪಂಜರದಾಗೆ ಮೊಟ್ಟೆ ಸಿಕ್ತು. ಒಂದಕ್ಕೆ ಬಂದ್ರೆ ಎಲ್ಲವಕ್ಕೂ ಔಷಧಿ ಮೇವು, ಪಂಜರದಾಗೆ ಹಾಸಿದ ಮರದ ಹೊಟ್ಟು ಎಲ್ಲಾ ಬದಲು, ಪಂಜರಕ್ಕೆ ಹಬೆ. ನನ್ನ ರಜಾ ರದ್ದು.

"ಸಾರ್, ಹುಡುಗಿ ಕಾಯ್ತಾವ್ಳೆ."

"ಹುಳದ ಮೊಟ್ಟೆ ಧೂಳಲ್ಲಿ ವಾರಗಟ್ಲೆ ಕಾಯ್ತವೆ ಕಣಯ್ಯಾ" ಅಂದ್ರು ನಮ್ಮ ಲ್ಯಾಬಿನ ಡಾಕ್ಟ್ರು.

ಸಂಜೆ ಲ್ಯಾಬಿನ ಆಚೆ ದನ ಮೇಯೋ ವರವು ಕಾವಲಿನ ಹುಲ್ಲಲ್ಲಿ ಮೊಳಕಾಲ್ಮೂರಿನ ಕಡೆ ಮುಖ ಮಾಡಿ ನಿಂತೆ. ಗಾಳಿ ಆ ಕಡೆಯಿಂದ ಬೀಸ್ತಿತ್ತು. ಅವಳ ಮಗ್ಗದ ಸದ್ದು ಕೇಳೀತೇನೋ ಅಂತ ಕಣ್ಣು ಮುಚ್ಚಿದೆ. ಹಿಂದಿನಿಂದ ಒಂದು ಹಸು ಬಂದು ನನ್ನ ಹೆಗಲ ಮೇಲಿನ ಟವೆಲ್ ತಿಂತು.

೩

ಕೊನೆಗೂ ಅವ್ವನ ಕರ್ಕೊಂಡು ಹೆಣ್ಣು ಕೇಳೋಕೆ ಹೋದೆ. "ಇಲಿ ಸುದ್ದಿ ಎತ್ತಬ್ಯಾಡ ಕಣೋ" ಅಂತ ಅವ್ವ ದಾರಿಯುದ್ದಕ್ಕೂ ಹೇಳಿದ್ಲು. ಎತ್ತಲಿಲ್ಲ. ಆದ್ರೆ ಹುಡುಗಿಯ ಅಪ್ಪ ಚಾಪೆ ಮೇಲೆ ಕೂತಲ್ಲೇ ಮಿಸುಕಾಡ್ತಾ, "ರಾತ್ರಿಯೆಲ್ಲಾ ಹಿಂದ್ಗಡೆ ಕಡಿತ ಕಣಪ್ಪಾ, ನಿದ್ದೇನೇ ಇಲ್ಲ" ಅಂದ್ರು.

ನನ್ನ ಕೈ ತಾನಾಗೇ ಜೇಬಿಗೆ ಹೋಯ್ತು. ಟೇಪು ಮುಂದಿಟ್ಟೆ. "ಮಾವಾ, ಬೆಳಗ್ಗೆ ಎದ್ದ ಕೂಡ್ಲೆ, ತೊಳೆಯೋಕೆ ಮುಂಚೆ ಒಂದ್ಸಲ ಒತ್ರಿ. ನಾನು ನೋಡಿ ಹೇಳ್ತೀನಿ. ಹುಳ ಇದ್ರೆ ಮನೆಯೋರೆಲ್ಲಾ ಮಾತ್ರೆ ನುಂಗ್ಬೇಕು."

ಅವ್ವ ಸೆರಗಿನಲ್ಲಿ ಮುಖ ಮುಚ್ಕೊಂಡ್ಲು. ಮಗ್ಗದ ಹಿಂದೆ ಹುಡುಗಿ ಕಿಸಕ್ಕನೆ ನಕ್ಕಳು. ಆ ನಗು ಈಗ್ಲೂ ಕಿವಿಯಲ್ಲೈತೆ.

"ಏಮಯ್ಯಾ, ಹೆಣ್ಣು ನೋಡಾಕ್ ಬಂದಿಯೋ, ನನ್ನ ನೋಡಾಕ್ ಬಂದಿಯೋ?" ಅಂತ ಮಾವ ಎದ್ದು ಒಳಗೋದ್ರು. ಟೇಪು ಮಾತ್ರ ಅವರ ಕೈಲೇ ಇತ್ತು.

ಆಮೇಲೆ ಮೊಳಕಾಲ್ಮೂರಿನ ಬಸ್ಸು ಬಂದಾಗೆಲ್ಲಾ ನಾನು ಸ್ಟ್ಯಾಂಡಲ್ಲೇ. ಒಂದಿನ ಕಂಡಕ್ಟರ್ ಕೂಗಿದ, "ಲೇ, ಮಗ್ಗದ ಮನೆಯೋರು ಕವರ್ ಕೊಟ್ಟವ್ರೆ ನೋಡು." ಅವಳ ಜಾತಕಾನೇ ಅಂದ್ಕೊಂಡು ಎದೆಗೆ ಒತ್ಕೊಂಡೆ. ಆಮೇಲೆ ಬಿಚ್ಚಿದೆ.

ನಾನು ಕೇಳಿದ್ದು ಮಗಳನ್ನ. ಅವರು ಕೊಟ್ಟಿದ್ದು ಮಾವ ಬೆಳಗ್ಗೆ ಎದ್ದು, ತೊಳೆಯೋಕೆ ಮುಂಚೆ ಒತ್ತಿದ ಟೇಪು.