ಅಪ್ಪ ಪಾಸು ಮಾಡದ ಹಪ್ಪಳಗಳು

ಇನ್‌ಸ್ಪೆಕ್ಷನ್ ಸೆಕ್ಷನ್ನಿನವರ ಮನೆಯಲ್ಲಿ ಹುಟ್ಟಿದವರಿಗೆ ಇಂಥವು ಆಗುತ್ತಲೇ ಇರುತ್ತವೆ. ಬೇರೆಯವರ ಮನೆಗಳಲ್ಲಿ ಆಗುವುದಿಲ್ಲ ಅಂತ ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ನಮ್ಮಪ್ಪ ಜಾಲಹಳ್ಳಿ ಕಡೆಯ ಒಂದು ದೊಡ್ಡ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ಬೇರೆಯವರು ಮಾಡಿದ ಸಾಮಾನನ್ನು ಅಳೆದು ನೋಡಿ, ಇದು ಸರಿಯಿಲ್ಲ ಅಂತ ಹೇಳುವುದು ಅವರ ಕೆಲಸ. ಅದಕ್ಕೆ ಅಲ್ಲಿ ಸಂಬಳ ಕೊಡುತ್ತಿದ್ದರು. ಮನೆಯಲ್ಲಿ ಬಿಟ್ಟಿಯಾಗಿ ಮಾಡುತ್ತಿದ್ದರು.

ಇದು ಎಂಬತ್ತು, ತಪ್ಪಿದರೆ ಎಂಬತ್ತೊಂದನೇ ಇಸವಿಯ ಬೇಸಿಗೆಯ ಮಾತು. ನನಗೆ ಹತ್ತು ವರ್ಷ, ತಮ್ಮನಿಗೆ ಎಂಟು. ಪರೀಕ್ಷೆ ಮುಗಿದ ಸಂಜೆಯೇ ಅಪ್ಪ ರಜೆಗೊಂದು ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದರು. ಬೆಳಿಗ್ಗೆ ಮಗ್ಗಿ, ಆಮೇಲೆ ಕಾಪಿ ಬರೆಯುವುದು, ಆಮೇಲೆ ಇಂಗ್ಲಿಷ್ ಗ್ರಾಮರ್. ಸಂಜೆ ನಾಲ್ಕೂವರೆಯ ಎದುರಿಗೆ ‘ಆಟ, ಅಗತ್ಯವಿದ್ದಲ್ಲಿ’ ಎಂದು ಬರೆದಿತ್ತು.

ನಮ್ಮನ್ನು ಕಾಪಾಡಿದವಳು ಅಜ್ಜಿ, ಅಮ್ಮನ ತಾಯಿ. ಅವಳದು ಕಾಡುಗೋಡಿಯಿಂದಾಚೆಯ ಹಳ್ಳಿ. ಮೇ ಕೊನೆಗೆ ಚಿಕ್ಕಮ್ಮನ ಮದುವೆ ಗೊತ್ತಾಗಿತ್ತು, ಮದುವೆಗೆ ಆರುನೂರು ಹಪ್ಪಳ ಬೇಕಾಗಿತ್ತು. ಹಳ್ಳಿಯದು ಹೆಂಚಿನ ಮನೆ, ಅಂಗಳದ ತುಂಬ ಕೋಳಿ. ನಮ್ಮ ಕ್ವಾರ್ಟರ್ಸಿಗೆ ಸಿಮೆಂಟಿನ ತಾರಸಿ ಇತ್ತು. ಹೀಗಾಗಿ ಅಜ್ಜಿ ಉದ್ದಿನ ಹಿಟ್ಟು, ಲಟ್ಟಣಿಗೆ ಸಮೇತ ನಮ್ಮ ಮನೆಗೇ ಬಂದಳು. ಮಕ್ಕಳಿಬ್ಬರೂ ಅವಳ ಸಹಾಯಕ್ಕೆ ಬೇಕು ಅಂತ ಅಮ್ಮ ಹೇಳಿದ್ದರಿಂದ ಟೈಮ್‌ಟೇಬಲ್ ಅಮಾನತ್ತಿನಲ್ಲಿತ್ತು. ಅಜ್ಜಿ ಇದ್ದರೆ ರಜೆ, ಅಜ್ಜಿ ಹೊರಟರೆ ಮಗ್ಗಿ. ಅಷ್ಟು ಮಾತ್ರ ನಮಗೆ ಸ್ಪಷ್ಟವಾಗಿ ಗೊತ್ತಿತ್ತು.

ಇನ್ನೊಂದು ಹೇಳಬೇಕು. ಅಜ್ಜಿ ಅಳಿಯನ ಎದುರು ನಿಂತು ಮಾತಾಡುವವಳಲ್ಲ, ಅವರ ಕಡೆಯ ಪದ್ಧತಿ ಹಾಗೆ. ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಅಮ್ಮನಿಗೆ ಹೇಳುವ ಹಾಗೆ, ಅಪ್ಪನಿಗೆ ಚೆನ್ನಾಗಿ ಕೇಳಿಸುವ ಹಾಗೆ ಮಾತಾಡುತ್ತಿದ್ದಳು.

೧. ಎರಡು ತೂತು

ಮೊದಲ ದಿನ ಅಜ್ಜಿ ಅರವತ್ತು ಹಪ್ಪಳ ಲಟ್ಟಿಸಿದಳು. ಮನೆಯೆಲ್ಲ ಇಂಗು, ಜೀರಿಗೆಯ ವಾಸನೆ. ನಮಗೆ ಆಗಾಗ ಗೋಲಿ ಗಾತ್ರದ ಹಸಿ ಹಿಟ್ಟು ಸಿಗುತ್ತಿತ್ತು, ಎಣ್ಣೆಯಲ್ಲಿ ಅದ್ದಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಆ ರುಚಿ ಗೊತ್ತಿಲ್ಲದವರನ್ನು ಕಂಡರೆ ನನಗೆ ಈಗಲೂ ಪಾಪ ಅನ್ನಿಸುತ್ತದೆ.

ಸಂಜೆ ಸೈರನ್ ಆಗಿ ಅಪ್ಪ ಸೈಕಲ್ಲಿನಲ್ಲಿ ಬಂದರು. ಕಾಫಿ ಕುಡಿದು ತಾರಸಿ ಹತ್ತಿ, ಕೈ ಹಿಂದೆ ಕಟ್ಟಿಕೊಂಡು ಹಪ್ಪಳಗಳ ಸುತ್ತ ಒಂದು ಸುತ್ತು ಬಂದರು. ಒಂದರ ಹಾಗೆ ಇನ್ನೊಂದಿಲ್ಲವಲ್ಲ ಅಂದರು. ಕಾರ್ಖಾನೆಯ ಒಂದು ಗುಂಡುಪಿನ್ನನ್ನೂ ಮನೆಗೆ ತಂದವರಲ್ಲ ಅವರು. ಆದ್ದರಿಂದ ನನ್ನ ಜಾಮಿಟ್ರಿ ಬಾಕ್ಸಿನಿಂದ ಕೈವಾರ ತೆಗೆದುಕೊಂಡು, ಹಳೇ ಕ್ಯಾಲೆಂಡರಿನ ರಟ್ಟಿನಲ್ಲಿ ಎರಡು ತೂತು ಕೊರೆದರು. ಹಪ್ಪಳ ದೊಡ್ಡ ತೂತಿನಲ್ಲಿ ತೂರಬೇಕು, ಚಿಕ್ಕ ತೂತಿನಲ್ಲಿ ತೂರಬಾರದು. ಎರಡೂ ಆದರೆ ಪಾಸು.

ಅರವತ್ತರಲ್ಲಿ ಪಾಸಾದದ್ದು ಒಂಬತ್ತು. ಉಳಿದದ್ದನ್ನು ಮಕ್ಕಳಿಗೆ ಸುಟ್ಟು ಕೊಡಿ ಅಂದರು.

ನನಗೂ ತಮ್ಮನಿಗೂ ಇದು ದೊಡ್ಡ ಧರ್ಮಸಂಕಟ. ಹೆಚ್ಚು ರಿಜೆಕ್ಟ್ ಆದಷ್ಟೂ ನಮಗೆ ಹೆಚ್ಚು ಹಪ್ಪಳ. ಹೆಚ್ಚು ರಿಜೆಕ್ಟ್ ಆದಷ್ಟೂ ಅಜ್ಜಿ ಸಿಟ್ಟಾಗಿ ಬೇಗ ಊರಿಗೆ. ಏನು ಮಾಡುವುದೆಂದು ಇಬ್ಬರೂ ಯೋಚಿಸಿದೆವು, ಹಪ್ಪಳ ತಿನ್ನುತ್ತಾ ಯೋಚಿಸಿದೆವು.

ಬಾಗಿಲ ಹಿಂದಿನಿಂದ ಅಜ್ಜಿಯ ದನಿ ಬಂತು. “ಬೀಗ್ರು ಅಪ್ಳಾನ ಬಾಯಾಗೆ ಇಕ್ಕಂತಾರಾ, ತೂತಾಗೆ ಇಕ್ಕಂತಾರಾ, ಕೇಳವ್ವ ನಿನ್ ಗಂಡನ್ನ.”

ಅಮ್ಮ ಕೇಳಿದಳು. ಅಪ್ಪ ರಟ್ಟನ್ನು ಬೆಳಕಿಗೆ ಹಿಡಿದು ನೋಡಿದರು.

“ಮೊದಲು ತೂತು,” ಅಂದರು, “ಆಮೇಲೆ ಬಾಯಿ.”

೨. ಕಾಗೆ ಪುಸ್ತಕ

ಅಜ್ಜಿ ಹಲ್ಲು ಕಚ್ಚಿಕೊಂಡು ಒಂದೇ ಅಳತೆಗೆ ಲಟ್ಟಿಸತೊಡಗಿದಳು. ಪಾಸಾದ ಹಪ್ಪಳಗಳ ಸಂಖ್ಯೆ ಏರಿತು. ಆದರೆ ಬೆಳಿಗ್ಗೆ ತಾರಸಿಗೆ ಹೋದಷ್ಟು ಸಂಜೆ ಕೆಳಗಿಳಿಯುತ್ತಿರಲಿಲ್ಲ. ಎಲ್ಲರೂ ಕಾಗೆಯ ಮೇಲೆ ಹೇಳಿದರು.

ಅಪ್ಪ ಕಾವಲಿಗೆ ಶಿಫ್ಟ್ ಹಾಕಿದರು. ಫಸ್ಟ್ ಶಿಫ್ಟ್ ತಮ್ಮ, ಸೆಕೆಂಡ್ ಶಿಫ್ಟ್ ನಾನು. ಕೈಗೆ ಒಂದು ಕೋಲು, ತಲೆಗೆ ಕೊಡೆ, ಹೊತ್ತು ನೋಡಲು ಅಪ್ಪನ ಹಳೇ ವಾಚು, ಬರೆಯಲು ಒಂದು ನೋಟ್‌ಬುಕ್ಕು. ಹಪ್ಪಳ ಯಾವಾಗ ಹೋಯಿತು, ಎಷ್ಟು ಹೋಯಿತು, ಎಲ್ಲಾ ಬರೆಯಬೇಕು. ತಮ್ಮ ಅಪ್ಪನ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಕಾಯಿಲೆ ಅವನಿಗೆ ಆ ವಯಸ್ಸಿಗೇ ಅಂಟಿತ್ತು.

ಮೊದಲ ಭಾನುವಾರ ಸಂಜೆ ಅಪ್ಪ ಎಲ್ಲರನ್ನೂ ಕೂರಿಸಿಕೊಂಡು ಅವತ್ತಿನ ಪುಸ್ತಕ ಓದಿದರು.

“ಹತ್ತು ಗಂಟೆ: ಕಾಗೆ, ಒಂದು. ಹತ್ತೂಕಾಲು: ಅಕ್ಕ, ಮೂರು. ಹನ್ನೊಂದು: ಕೆಳಗಿನ ಮನೆ ಆಂಟಿ ಬಟ್ಟೆ ಒಣಹಾಕಲು ಬಂದು, ಎರಡು. ಹನ್ನೊಂದೂವರೆ: ಅಮ್ಮ ಒಣಗಿದೆಯಾ ನೋಡಲು ಬಂದು, ಎರಡು. ಹನ್ನೆರಡು: ಅಮ್ಮ ಇನ್ನೊಂದು ಸಲ ನೋಡಲು ಬಂದು, ಎರಡು.”

ಅಮ್ಮ ಒಲೆಯ ಮೇಲೆ ಏನೋ ಇದೆ ಅಂತ ಎದ್ದು ಹೋದಳು. ಅಪ್ಪ ಮುಂದಿನ ಸಾಲು ನೋಡಿದರು, ಪುಸ್ತಕ ಮುಚ್ಚಿದರು, ಇಷ್ಟು ಸಾಕು ಅಂದರು. ಬಾಗಿಲ ಹಿಂದಿನಿಂದ ಅಜ್ಜಿ, ಪೂರ್ತಿ ಓದ್ಲಿ ಅಂದಳು. ಅಪ್ಪನಿಗೆ ಕೆಮ್ಮು ಬಂತು. ತಮ್ಮನಿಗೆ ಬಾಯಿಪಾಠವಾಗಿತ್ತು. ಎದ್ದು ನಿಂತು, ಸ್ಕೂಲಿನಲ್ಲಿ ಪದ್ಯ ಹೇಳುವ ಹಾಗೆ ಹೇಳಿದ.

“ಹನ್ನೆರಡೂವರೆ: ಅಪ್ಪ, ನಾಲ್ಕು, ಸ್ಯಾಂಪಲ್.”

೩. ಮಂಚದ ಕೆಳಗಿನ ಮಾವು

ಮೇ ಮೊದಲ ವಾರ ಹಳ್ಳಿಯಿಂದ ಸೋದರಮಾವ ಒಂದು ಮೂಟೆ ಮಾವಿನಕಾಯಿ ತಂದು ಹಾಕಿಹೋದ. ಅಜ್ಜಿ ಮಂಚದ ಕೆಳಗೆ ಹುಲ್ಲು ಹಾಸಿ ಹಣ್ಣಿಗಿಟ್ಟಳು. ನಾಲ್ಕೈದು ದಿನಕ್ಕೆ ವಾಸನೆ ಶುರುವಾಯಿತು. ನಾನೂ ತಮ್ಮನೂ ಮಂಚ ಬಿಟ್ಟು ಅದರ ಪಕ್ಕ ನೆಲದಲ್ಲಿ ಮಲಗುತ್ತಿದ್ದೆವು. ಅಷ್ಟು ಸುಖದ ನಿದ್ದೆಯನ್ನು ಆಮೇಲೆ ನಾನು ಮಾಡಿದ್ದಿಲ್ಲ.

ಅಪ್ಪ ಒಂದೇ ಒಂದು ಕಾಯಿದೆ ಮಾಡಿದರು. ಯಾವುದು ಮೊದಲು ಕೆಡುವ ಹಾಗಿದೆಯೋ ಅದನ್ನು ಮೊದಲು ತಿನ್ನಬೇಕು. ಕೇಳಲು ನ್ಯಾಯವಾಗಿಯೇ ಇತ್ತು. ದಿನಾ ಊಟವಾದ ಮೇಲೆ ಟಾರ್ಚು ಹಿಡಿದು ಮಂಚದ ಕೆಳಗೆ ತೆವಳಿ, ಒಂದು ಕಡೆ ಮೆತ್ತಗಾಗಿ ಕಪ್ಪು ಬಂದದ್ದನ್ನು ಹುಡುಕಿ ತರುತ್ತಿದ್ದರು. ನಾವು ಅದನ್ನು ತಿನ್ನುವಷ್ಟರಲ್ಲಿ, ಇವತ್ತು ಚೆನ್ನಾಗಿದ್ದ ಹಣ್ಣು ನಾಳೆಯ ಸರದಿಗೆ ಕೊಳೆಯಲು ಶುರು ಮಾಡುತ್ತಿತ್ತು. ಅಜ್ಜಿ ಮೂಸಿ ನೋಡಿಯೇ ಒಳ್ಳೆ ಹಣ್ಣು ಯಾವುದೆಂದು ಹೇಳಬಲ್ಲಳು. ಅವಳು ಒಂದು ಸಲ ಕೈ ಹಾಕಿದ್ದಕ್ಕೆ, ಅದರ ಸರದಿ ಇನ್ನೂ ಬಂದಿಲ್ಲ ಅಂತ ಅಪ್ಪ ಅಮ್ಮನ ಕೈಲಿ ಹೇಳಿಸಿದರು.

ಹದಿನೈದು ದಿನ ಮಾವಿನಹಣ್ಣು ತಿಂದೆವು. ಒಂದು ದಿನವೂ ಒಳ್ಳೆ ಹಣ್ಣು ತಿನ್ನಲಿಲ್ಲ. ಮೂಟೆ ಖಾಲಿಯಾದ ಶನಿವಾರ ಅಜ್ಜಿಯ ತಾಳ್ಮೆಯೂ ಖಾಲಿಯಾಯಿತು.

“ಕೊಳೆತಿದ್ನ ತಿಂದು, ಒಳ್ಳೇದ್ನ ಕೊಳೆಸಾಕೆ ಇಕ್ಕೋ ಮನೇನ ನಾ ಎಲ್ಲೂ ಕಂಡಿಲ್ಲ ಕಣವ್ವ. ನಾಳೆ ಬಸ್ಸಿಗೆ ನಾ ಓಯ್ತೀನಿ.”

ಅಪ್ಪ ಖಾಲಿ ಹುಲ್ಲನ್ನು ತೋರಿಸಿ, ನೋಡು, ಒಂದು ಹಣ್ಣೂ ವೇಸ್ಟಾಗಿಲ್ಲ ಅಂದರು. ಅದು ನಿಜ. ಎಲ್ಲಾ ನಮ್ಮ ಹೊಟ್ಟೆಯಲ್ಲಿತ್ತು.

೪. ಚಾರ್ಜು

ಭಾನುವಾರ ಬೆಳಿಗ್ಗೆ ಅಜ್ಜಿಯ ಚೀಲ ಬಾಗಿಲ ಬಳಿ ಬಂತು. ಹನ್ನೆರಡು ಗಂಟೆಯ ಬಸ್ಸು ಹಿಡಿದು ಮೆಜೆಸ್ಟಿಕ್ಕಿಗೆ, ಅಲ್ಲಿಂದ ಊರಿಗೆ. ಇನ್ನೂ ಇನ್ನೂರು ಹಪ್ಪಳ ಬಾಕಿ. ಅಮ್ಮ ಎರಡೂ ಕಡೆ ಮಾತಾಡಿ ಸೋತಿದ್ದಳು. ನಾನು ಅತ್ತೆ, ನಾಚಿಕೆ ಬಿಟ್ಟು ಅತ್ತೆ. ತಮ್ಮ ಗೋಡೆಯ ಟೈಮ್‌ಟೇಬಲ್ ಮುಂದೆ ನಿಂತು, ಮುಂಜಾಗ್ರತೆಗೆ ಇರಲಿ ಅಂತ ಹದಿಮೂರರ ಮಗ್ಗಿ ಹೇಳಿಕೊಳ್ಳುತ್ತಿದ್ದ.

ಅಪ್ಪ ಮುಖಕ್ಕೆ ಸೋಪು ಹಚ್ಚಿಕೊಂಡು ಶೇವ್ ಮಾಡಿಕೊಳ್ಳುತ್ತಿದ್ದರು. ಹೋಗಬೇಡಿ ಅನ್ನಲಿಲ್ಲ, ಆ ಮಾತು ಅವರಿಗೆ ಬರುವುದಿಲ್ಲ. ಕೆಲಸ ಅರ್ಧಕ್ಕೆ ಬಿಟ್ಟು ಹೋಗುವವರು ಯಾರಿಗಾದರೂ ಚಾರ್ಜು ಕೊಟ್ಟು ಹೋಗಬೇಕಾಗುತ್ತೆ, ಯಾರಿಗೆ ಕೊಡ್ತಾರಂತೆ ಕೇಳು ಅಂತ ಅಮ್ಮನಿಗೆ ಹೇಳಿದರು.

ಅಮ್ಮ ಕೇಳುವ ಮೊದಲೇ ಅಜ್ಜಿ ಬಾಗಿಲ ಹಿಂದಿನಿಂದ ಈಚೆಗೆ ಬಂದುಬಿಟ್ಟಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅಳಿಯನ ಎದುರು ನಿಂತಳು. ಲಟ್ಟಣಿಗೆ ಚಾಚಿದಳು.

“ತಗಳಿ ಅಳಿಯಂದ್ರೆ. ನಿಮಗೇ ಕೊಟ್ಟೆ.”

ಕಾಯಿದೆ ಕಾಯಿದೆಯೇ. ಅಪ್ಪ ಅರ್ಧ ಮುಖದ ಸೋಪು ಒರೆಸಿಕೊಂಡು, ಪಂಚೆ ಎತ್ತಿ ಕಟ್ಟಿ ಮಣೆಯ ಮುಂದೆ ಕೂತರು. ಅಜ್ಜಿ ಬಸ್ಸಿನ ಹೊತ್ತಾಗುವ ತನಕ ಅಂತ ಕುರ್ಚಿಯಲ್ಲಿ ಕೂತಳು.

ಮೊದಲನೆಯ ಹಪ್ಪಳ ಮಣೆಯನ್ನು ಬಿಟ್ಟು ಬರಲೇ ಇಲ್ಲ. ಎರಡನೆಯದು ಬಂತು, ಆದರೆ ಎರಡು ತುಂಡಾಗಿ ಬಂತು. ಮೂರನೆಯದು ಒಂದು ಕಡೆ ಚಪಾತಿ, ಇನ್ನೊಂದು ಕಡೆ ಹಪ್ಪಳ. ಅಜ್ಜಿ ಪ್ರತಿಯೊಂದನ್ನೂ ಕೈಗೆ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಅಂಚಿನ ಸುತ್ತ ಬೆರಳಾಡಿಸಿ, ಬಹಳ ನಿಧಾನವಾಗಿ ‘ರಿಜೆಕ್ಟು’ ಅನ್ನುತ್ತಿದ್ದಳು. ನಮ್ಮ ಮನೆಗೆ ಬಂದು ಅವಳು ಮೊದಲು ಕಲಿತ ಇಂಗ್ಲಿಷು ಅದು, ಅದನ್ನು ಕಲಿಸಿದವರು ಅಪ್ಪನೇ. ಹನ್ನೆರಡರ ಬಸ್ಸು ಹೋಯಿತು, ಎರಡರ ಬಸ್ಸೂ ಹೋಯಿತು. ಮೂರು ಗಂಟೆಗೆ ಹದಿನೇಳನೆಯ ಹಪ್ಪಳವನ್ನು ಅಜ್ಜಿ ತಿರುಗಿಸಿ ತಿರುಗಿಸಿ ನೋಡಿ, ರಿಜೆಕ್ಟು ಅನ್ನದೆ ಮೊರದಲ್ಲಿಟ್ಟಳು. ಅಪ್ಪ ಎದ್ದು ನಿಂತು ನಮ್ಮೆಲ್ಲರ ಮುಖ ನೋಡಿದರು. ಅವರಿಗೆ ಅಷ್ಟು ಸಂತೋಷವಾದದ್ದನ್ನು ನಾನು ನೋಡಿರಲಿಲ್ಲ.

ಚೀಲ ಮತ್ತೆ ಒಳಗೆ ಹೋಯಿತು. ಆ ದಿನದಿಂದ ಸೈರನ್ ಆದ ಮೇಲೆ ಅಪ್ಪ ಮನೆಗೆ ಬಂದು, ಕೈಕಾಲು ತೊಳೆದು ಮಣೆಯ ಮುಂದೆ. ಅಜ್ಜಿ ಕುರ್ಚಿಯಲ್ಲಿ.

ಸುಮ್ನೆ ಕುಂತು ಚೆನ್ನಾಗಿಲ್ಲ ಚೆನ್ನಾಗಿಲ್ಲ ಅನ್ನೋದು ಇಷ್ಟು ಸುಖ ಅಂತ ಗೊತ್ತಿದ್ದಿದ್ರೆ, ನಾನೂ ವಯಸ್ಸಲ್ಲೇ ಫ್ಯಾಕ್ಟರಿ ಸೇರ್ಕಂತಿದ್ದೆ ಅಂದಳು ಅಜ್ಜಿ.

೫. ಬೀಗರ ಪಂಕ್ತಿ

ಮದುವೆ ಹಳ್ಳಿಯಲ್ಲೇ ಆಯಿತು, ಮನೆಯ ಮುಂದೆ ಚಪ್ಪರ ಹಾಕಿ. ಹಿರಿಯ ಅಳಿಯ ಅಂತ ಅಪ್ಪನನ್ನು ಮೊದಲ ಪಂಕ್ತಿಯಲ್ಲಿ ಬೀಗರ ಜೊತೆ ಕೂರಿಸಿದರು. ಹಪ್ಪಳದಲ್ಲಿ ತಮ್ಮ ಕೈವಾಡವೂ ಇದೆ ಅಂತ ಅವರು ಯಾರಿಗೂ ಹೇಳಿರಲಿಲ್ಲ. ಹಪ್ಪಳ ಬಡಿಸಿಕೊಂಡು ಬಂದಾಗ ಮಾತ್ರ ತಮ್ಮ ಎಲೆ ಬಿಟ್ಟು, ಬೇರೆಯವರ ಬಾಯಿಗಳನ್ನೇ ನೋಡುತ್ತಾ ಕೂತರು.

ಎದುರು ಸಾಲಿನಲ್ಲಿದ್ದ ಗಂಡಿನ ದೊಡ್ಡಪ್ಪ ಒಂದು ಹಪ್ಪಳ ಮುರಿದರು, ಅಗಿದರು, ಪಕ್ಕದವರಿಗೆ ಹೇಳಿದರು. “ಅಪ್ಳ ಪರವಾಗಿಲ್ಲ. ಒಂಚೂರು ದಪ್ಪ ಆಗೈತೆ.”

ಅಪ್ಪ ಎಲೆ ಬಿಟ್ಟು ಎದ್ದರು.

ಮನೆಯ ಅಳಿಯ ಊಟದ ಮಧ್ಯೆ ಎದ್ದು ಹೋಗುವುದು ನಮ್ಮ ಕಡೆ ಸಣ್ಣ ಮಾತಲ್ಲ. ಸಾರು ಬಡಿಸುತ್ತಿದ್ದವರು ಸೌಟು ಹಿಡಿದು ಹಾಗೇ ನಿಂತರು. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಿ ಮಾತ್ರ ಅಳುಕದೆ, ಅಳಿಯಂದ್ರಿಗೆ ಮೆಣಸಿನಕಾಯಿ ನೆತ್ತಿಗತ್ತೈತೆ, ನೀವು ಉಣ್ಣಿ ಅಂದು ಎಲ್ಲರನ್ನೂ ಸುಮ್ಮನಾಗಿಸಿ, ಹಿತ್ತಿಲಿಗೆ ಹೋದಳು. ನಾನೂ ಹಿಂದೆಯೇ ಹೋದೆ.

ಅಪ್ಪ ಕೊಟ್ಟಿಗೆಯ ಪಕ್ಕ ನಿಂತಿದ್ದರು. ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡುತ್ತೇನೆ ಅಂದರು. ಅವರಿಗೇನು ಗೊತ್ತು, ತಿನ್ನೋರಿಗೇನು, ಒಂದೇ ಒಂದು ಲಟ್ಟಿಸಿ ನೋಡಲಿ, ಭುಜ ಹೇಗೆ ನೋಯುತ್ತೆ ಅಂತ ಗೊತ್ತಾಗುತ್ತೆ ಅಂದರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅಜ್ಜಿ ನಗಲಿಲ್ಲ. ಹೇಗೆ ನಗದೆ ಇದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

“ಬುಡಿ ಅಳಿಯಂದ್ರೆ,” ಅಂದಳು. “ನೋಡೋರು ಅಂದ್ರೆ ಅಂಗೇಯ. ಏನಾರ ಒಂದು ಕೊಂಕು ತೆಗೀದಿದ್ರೆ ಅವ್ರಿಗೆ ಉಂಡಿದ್ದು ಅರಗಾಕಿಲ್ಲ. ಮಾಡೋರು ಅದ್ನ ಮನಸ್ಸಿಗೆ ಅಚ್ಕೋಬಾರ್ದು.”

ಅಪ್ಪ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಮೆಲ್ಲಗೆ, ನಿಜವಾಗಲೂ ದಪ್ಪ ಇತ್ತಾ ಅಂತ ಕೇಳಿದರು.

“ದಪ್ಪಾನೇ ಇತ್ತು,” ಅಂದಳು ಅಜ್ಜಿ. “ನಾನೇ ಓಗ್ಲಿ ಪಾಪ ಅಂತ ಪಾಸ್ ಮಾಡಿದ್ದು.”