ಈ ಮೌನ ಕಸ್ತೂರಿಯದು!

ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಮಾತಿಲ್ಲ, ಕತೆಯಿಲ್ಲ. ಎದುರಿಗೆ ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟ ಮೊಬೈಲು ನನ್ನ ಕೈಗಳನ್ನಷ್ಟೇ ನೋಡುತ್ತಿತ್ತು.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಮಾತು ಬಿಟ್ಟದ್ದು ಅದಕ್ಕಿಂತ ಮೊದಲೇ, ಎನ್ನುತ್ತಾಳೆ ಗುರವ್ವ ಕಾಕಿ. ನನ್ನ ವಿಡಿಯೋಗಳಲ್ಲಿ ಮುಖವಿಲ್ಲ, ಹೆಸರಿಲ್ಲ, ಸದ್ದಿಲ್ಲ. ಎರಡು ಕೈ, ಒಂದು ಅಡುಗೆ, ಅಷ್ಟೇ. ಅದನ್ನು ನೋಡುತ್ತಾ ನೆಮ್ಮದಿಯಿಂದ ನಿದ್ದೆ ಹೋಗುವವರು ಬಹಳ ಮಂದಿ ಇದ್ದಾರಂತೆ. ಆದರೆ ಯಾವಳೋ ಒಬ್ಬಳು, ನಾನು ಬೆಳ್ಳುಳ್ಳಿ ಸುಲಿದು ಶೇಂಗಾ ಚಟ್ನಿ ಮಾಡಿದ ವಿಡಿಯೋ ಎತ್ತಿಕೊಂಡು, ಮೇಲೆ ತನ್ನ ದನಿ ಅಂಟಿಸಿ, "ನನ್ನ ಕೈರುಚಿ ನೋಡಿ ಫ್ರೆಂಡ್ಸ್!" ಎಂದು ಹಾಕಿಬಿಟ್ಟಿದ್ದಳು. ಹೆಬ್ಬೆರಳ ಮೇಲಿನ ಸುಟ್ಟ ಕಲೆ ನನ್ನದು! ಅವತ್ತಿನಿಂದ ನನಗೆ ಊಟ ಸೇರುತ್ತಿರಲಿಲ್ಲ.

"ಮುಗೀತು ನೋಡವಾ ಆ ಕಳ್ಳಿ ಕತಿ!" ಎನ್ನುತ್ತಾ ಶೇಖಪ್ಪ ಕಾಕಾ ಏನನ್ನೋ ಹೊತ್ತುಕೊಂಡು ಒಳಗೆ ಬಂದ.

ಕಾಕಾ ಗದಗಿನ ನಮ್ಮ ಓಣಿಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಾನೆ. ಮದುವೆಯಲ್ಲಿ ಆಯೇರಿ ಮಾಡಿದವರ, ಅಂದರೆ ಉಡುಗೊರೆ ಕೊಟ್ಟವರ, ಊರು, ತಂದೆ, ಹೆಸರು ಎಲ್ಲ ಸೇರಿಸಿ ಮೈಕಿನಲ್ಲಿ ಕೂಗುವವನೂ ಅವನೇ. ಮೈಕಿನಲ್ಲಿ ಕೂಗಿದರಷ್ಟೇ ವಸ್ತು ಯಾರದೆಂದು ಪಕ್ಕಾ ಆಗುತ್ತದೆ ಎಂಬುದು ಅವನ ನಂಬಿಕೆ. ಅವನು ಇಳಿಸಿದ್ದು ಮೈಕ್‌ಸೆಟ್ಟಿನ ಒಂದು ದೊಡ್ಡ ಕಹಳೆ. ಅದರ ಬುಡದಲ್ಲಿ ವೈರು ತುಂಬಿದ ಸ್ಟೀಲಿನ ಜಾರು ಮಿಣುಕುತ್ತಿತ್ತು.

"ನಿನ್ನ ವಿಡಿಯೋ ಒಮ್ಮೆ ಇದಕ್ಕ ತೋರಿಸಿದ್ರ ಸಾಕು. ಅದನ್ನ ಕದ್ದಾವ್ರು ಎಲ್ಲೇ ಇರ್ಲಿ, ಮಾಲಕರ ಹೆಸರು ಒದರತೈತಿ!"

"ಅದು ನನ್ನ ಮಿಕ್ಸರ್ ಜಾರ್ ಅಲ್ಲೇನು?" ಎಂದಳು ಅಡುಗೆಮನೆಯಿಂದ ಇಣುಕಿದ ಕಾಕಿ.

"ವಿಜ್ಞಾನಕ್ಕ ಕೊಟ್ಟೀನಿ ಅಂತ ತಿಳಕೋ."

"ನಾ ಯಾವಾಗ ಕೊಟ್ಟೆ? ಮೊದ್ಲ ಜಾರಿನ ಮಾಲಕರ ಹೆಸರು ಒದರಸು!"

ಕಾಕಾ ಕೇಳಿಸದವನಂತೆ ನನ್ನ ವಿಡಿಯೋ ತೋರಿಸಿದ. ಆಮೇಲೆ ಕಳ್ಳಿಯದನ್ನು ಹಚ್ಚಿದ.

"ಕೇಳ್ರಪ್ಪೋ ಕೇಳ್ರಿ! ಈ ಕೆಲಸ ಗದಗಿನ ಶಿವಪ್ಪನವರ ಸುಪುತ್ರಿ ಕಸ್ತೂರಿಯದು!"

ಕಾಕಾನದೇ ದನಿ, ಮದುವೆ ಮೈಕಿನದೇ ಧಾಟಿ! ಆ ವಿಡಿಯೋ ನೋಡಿದವರ ಮೊಬೈಲುಗಳೆಲ್ಲ ಹಾಗೇ ಕೂಗಿದವಂತೆ. ಸಂಜೆಯೊಳಗೆ ಆಕೆ "ತಪ್ಪಾಯ್ತು ಅಕ್ಕಾ" ಎಂದು ಬರೆದು ವಿಡಿಯೋ ತೆಗೆದಳು. ನನ್ನ ಹೆಸರನ್ನು ಅಷ್ಟು ದೊಡ್ಡದಾಗಿ ನಾನೆಂದೂ ಕೇಳಿರಲಿಲ್ಲ. ನಾಚಿಕೆಯಾಯಿತು. ಸುಳ್ಳೇಕೆ, ಹಿತವೂ ಆಯಿತು. ಅವತ್ತು ರೊಟ್ಟಿ ಹೆಚ್ಚಿಗೇ ತಿಂದೆ.

ಅಲ್ಲಿಗೇ ನಿಲ್ಲಿಸಿದ್ದರೆ ಅವನು ಶೇಖಪ್ಪ ಕಾಕಾ ಹೇಗಾದಾನು? ಬೆಳಿಗ್ಗೆ ಎದ್ದವನೇ, ಇನ್ನು ಓಣಿಯ ಕಳ್ಳರನ್ನೂ ಹಿಡಿಯುತ್ತೇನೆಂದು ಕಹಳೆಯನ್ನು ಮಾಳಿಗೆಗೆ ಕಟ್ಟಿದ. ಪಕ್ಕದ ಬಸಮ್ಮ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಕೇಳ್ರಪ್ಪೋ ಕೇಳ್ರಿ! ಈ ಕೆಲಸ ಕಸ್ತೂರಿಯದು!"

"ಅಯ್ಯ ನಿನ್ನ! ಬಳ್ಳೊಳ್ಳಿ ನಂದು, ಉಗುರು ನಂದು!" ಎಂದು ಬಸಮ್ಮ ಸಿಪ್ಪೆ ಸಮೇತ ಎದ್ದು ನಿಂತಳು.

"ಕಿವಿ ಒಂದೀಟು ಚುರುಕಾಗೇತಿ, ಅಷ್ಟ," ಎಂದ ಕಾಕಾ.

ಜಾರಿಲ್ಲದೆ ಚಟ್ನಿ ಕುಟ್ಟಿ ಕುಟ್ಟಿ ಸಾಕಾಗಿದ್ದ ಕಾಕಿ, ಇನ್ನು ಗಂಡನ ಕೂಡ ಮಾತಾಡುವುದಿಲ್ಲವೆಂದು ಬಾಯಿ ಬಿಗಿದು ಕೂತಳು. ತಕ್ಷಣ ಕಹಳೆ ಅವಳ ಕಡೆ ತಿರುಗಿತು.

"ಕೇಳ್ರಪ್ಪೋ ಕೇಳ್ರಿ! ಈ ಮೌನ ಗದಗಿನ ಶಿವಪ್ಪನವರ ಸುಪುತ್ರಿ ಕಸ್ತೂರಿಯದು!"

"ನನ್ನ ಸಿಟ್ಟೂ ಇಕೀದಾ?" ಕಾಕಿ ಹೌಹಾರಿದಳು.

ನನಗೆ ಆಗ ತಿಳಿಯಿತು. ನನ್ನ ವಿಡಿಯೋದಲ್ಲಿ ಬೆಳ್ಳುಳ್ಳಿಗಿಂತ ಹೆಚ್ಚಿಗೆ ಇದ್ದದ್ದು ಮೌನ. ಯಂತ್ರ ಅದನ್ನೂ ನನ್ನ ಹೆಸರಿಗೇ ಹಚ್ಚಿಬಿಟ್ಟಿತ್ತು!

ಆಮೇಲೆ ಓಣಿಯಲ್ಲಿ ಯಾರೂ ಸುಮ್ಮನಿರುವಂತಿಲ್ಲ. ಪೂಜೆಗೆ ಕಣ್ಣು ಮುಚ್ಚಿದ ಎದುರುಮನೆ ಅಜ್ಜ ಕಹಳೆಯ ಕೂಗಿಗೆ ಬೆಚ್ಚಿಬಿದ್ದ; ಅಂಗೈಯ ಇಷ್ಟಲಿಂಗ ಜಾರುವುದೊಂದು ಉಳಿದಿತ್ತು. ಬಸಮ್ಮನ ಮಗಳನ್ನು ನೋಡಲು ಬಂದವರ ಮುಂದೆ ಹುಡುಗಿ ತಲೆ ತಗ್ಗಿಸಿ ಕೂತರೆ, "ಈ ಮೌನ ಕಸ್ತೂರಿಯದು!" ಬಂದವರು ಗಾಬರಿಯಾಗಿ, "ಹಂಗಾರ ಈ ಹುಡುಗಿ ಯಾರು?" ಎಂದು ಕೇಳಿದರು.

"ಅದನ್ನ ಬಂದ್ ಮಾಡೋ ಶೇಖಪ್ಪಾ!" ಎಂದು ಬಸಮ್ಮ ಕೂಗಿದಳು.

"ಕಳ್ಳರು ಬಂದ್ ಮಾಡಬಾರ್ದು ಅಂತ ಸ್ವಿಚ್ಚ ಇಟ್ಟಿಲ್ಲವಾ! ಮುಚ್ಚಳಕ್ಕ ವೆಲ್ಡಿಂಗ್ ಬ್ಯಾರೆ ಹೊಡಸೀನಿ!"

ಕಾಕಾ ಮಾಳಿಗೆ ಹತ್ತಿ ಮುಚ್ಚಳ ಕೊರೆದ. ಯಾವ ವೈರು ಕತ್ತರಿಸಬೇಕೆಂದು ಯೋಚಿಸಲು ಸುಮ್ಮನಾದರೆ ಸಾಕು, ಅದು ಕಿವಿಯಲ್ಲೇ ಕೂಗುತ್ತಿತ್ತು! ಕಡೆಗೆ ಮಗ್ಗಿ ಹೇಳುತ್ತಾ ಕೆಲಸಕ್ಕಿಳಿದ. "ಹದಿಮೂರೊಂದ್ಲೆ ಹದಿಮೂರು, ಕೆಂಪು ವೈರು, ಹದಿಮೂರೆರಡ್ಲೆ... ಯಾವ ವೈರಂದೆ?"

ಈಗ ಓಣಿ ತುಂಬ ಮಾತು. ಬಾಯಿ ನಿಂತರೆ ಕಹಳೆ ಕೂಗುತ್ತದೆಂದು ಅಜ್ಜ ಬೀಗರ ಹೆಸರು ಹೇಳುತ್ತಾನೆ, ಬಸಮ್ಮ ಕಾಯಿಪಲ್ಲೆಯ ದರ ಹೇಳುತ್ತಾಳೆ, ಕಾಕಿ ಜಾರಿನ ಕತೆಯನ್ನು ಮೊದಲಿನಿಂದ ಹೇಳುತ್ತಾಳೆ. ಸುಮ್ಮನಿರುವ ಹಕ್ಕು ಇರುವವಳು ನಾನೊಬ್ಬಳೇ. ಆದರೆ ಈ ಗದ್ದಲದಲ್ಲಿ ಅದನ್ನು ಎಲ್ಲಿ ಬಳಸಲಿ? ವಿಡಿಯೋ ಮಾಡಿದರೆ ನನ್ನ ಕೈಗಳ ಹಿಂದೆ ಹದಿಮೂರರ ಮಗ್ಗಿ!

ಬೆಳ್ಳುಳ್ಳಿ ಬುಟ್ಟಿ ಕೆಳಗಿಟ್ಟು ಹೊಸ್ತಿಲಿಗೆ ಬಂದೆ. ಹುಟ್ಟಿದಾಗಿನಿಂದ ತೆಗೆಯದಷ್ಟು ದೊಡ್ಡ ದನಿ ತೆಗೆದು ಕೂಗಿದೆ:

"ಈ ಮೌನ ನಂದ ಅಲ್ಲೇನ್ರೀ? ನಾನ ಕೊಡಾಕತ್ತೀನಿ, ಎಲ್ಲಾರೂ ತಗೋರಿ! ಒಂದೀಟು ಸುಮ್ಮನಿರ್ರಿ!"

ಆ ಗದ್ದಲದಲ್ಲಿ ನನ್ನ ಕೂಗು ಯಾರಿಗೂ ಕೇಳಿಸಲಿಲ್ಲ. ಓಣಿಯವರು ಮಾತಾಡುತ್ತಲೇ ಇದ್ದರು.