ನಮ್ಮ ಕೋಟೆ ಸುಟ್ಟವರು

ಮೊನ್ನೆ ಅಣ್ಣಿಗೇರಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ನನ್ನ ದನಿ ಕೇಳಿಯೇ ಹಿಂದಿನಿಂದ "ಏನ್ರಿ ಗಂಡುಗಲಿ, ಆರಾಮ ಅದೀರಿಲ್ಲೊ?" ಎಂದರು. ಗಂಡುಗಲಿ ಅನ್ನುವುದು ಮೊಬೈಲಿನ ಕೋಟೆ ಆಟದಲ್ಲಿ ನಾನಿಟ್ಟುಕೊಂಡಿದ್ದ ಹೆಸರು. ಆ ಹೊತ್ತಿಗೆ ಗಂಡುಗಲಿ ಬದನೆಕಾಯಿ ಚೀಲ ಹಿಡಿದು, ಫೋನಿನಲ್ಲಿ ಹೆಂಡತಿಗೆ "ತಪ್ಪಾತು, ಕೊತ್ತಂಬರಿ ಮರತೆ" ಎನ್ನುತ್ತಿದ್ದ. ಆಟ ಬಂದ್ ಆಗಿ ಹೋದರೂ ಇಂಥವು ಮಾತ್ರ ನಿಂತಿಲ್ಲ.

ಆಟ ಇಷ್ಟೇ: ಆನ್‌ಲೈನಿನಲ್ಲಿ ಕೋಟೆ ಕಟ್ಟಬೇಕು, ಗುಂಪಾಗಿ ಹೋಗಿ ಬೇರೆಯವರ ಕೋಟೆ ಒಡೆಯಬೇಕು. ಆಡುತ್ತಲೇ ಒಬ್ಬರಿಗೊಬ್ಬರು ಮಾತಾಡಬಹುದಿತ್ತು. ನಮ್ಮ ಗುಂಪಿನವರೆಲ್ಲ ಸುತ್ತಲಿನ ಊರಿನವರೇ. ಆದರೂ ಮುಖ ಕಂಡಿರಲಿಲ್ಲ, ದನಿಯದೇ ಗುರುತು.

ಹಳೇ ಗ್ವಾಡಿ

ಕೆಲಸಕ್ಕೆಂದು ದಿನಾ ಹುಬ್ಬಳ್ಳಿ ರೈಲು ಹತ್ತುತ್ತಿದ್ದೆ. ಒಂದು ಮುಂಜಾನೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆಡುತ್ತ, ಶತ್ರುವಿನ ಕೋಟೆಗೋಡೆ ಕಂಡೊಡನೆ ಮೈಮರೆತು ಕೂಗಿದೆ: "ಎಡಗಡೆ ಗ್ವಾಡಿ ಒಡೀರಿ! ಎಲ್ಲಾರೂ ಕೂಡೇ ನುಗ್ಗೂಣು!"

ಡಬ್ಬಿಯಲ್ಲಿ ಎಲ್ಲರೂ ತಿರುಗಿ ನೋಡಿದರು. ಎದುರಿಗೆ ಕೂತ ಅಜ್ಜಿ ಮಾತ್ರ ಎಲೆ ಅಡಿಕೆ ಮೆಲ್ಲುತ್ತ ಮುಂದಕ್ಕೆ ಬಾಗಿ ಕೇಳಿದಳು: "ಯಪ್ಪಾ, ಗ್ವಾಡಿ ಒಡ್ಯಾವ್ರೇನ್ ನೀವು? ನಮ್ಮ ಹಿತ್ತಲದಾಗ ಒಂದು ಹಳೇ ಗ್ವಾಡಿ ಐತಿ. ಹೆಂಗೂ ಮಂದಿ ಕರಕೊಂಡು ಹೊಂಟೀರಿ, ಅದನ್ನೂ ಕೆಡವಿ ಹೋಗ್ರಿ."

ಹೊಳ್ರಿ, ಸುಮ್ನ ನಿಂದರ್ರಿ

ನಮ್ಮ ದಂಡನಾಯಕ ಗುಡಗೇರಿಯ ಟೇಲರ್ ಭಾಯಿ. ಅವರ ಮಾತು ಎಂದರೆ ಮುಗಿಯಿತು, ಯಾರೂ ಎದುರಾಡುತ್ತಿರಲಿಲ್ಲ. ಒಮ್ಮೆ ಗೆಲುವು ಇನ್ನೇನು ಕೈಗೆ ಬಂತು ಅನ್ನುವಾಗ ಭಾಯಿಯ ಅಪ್ಪಣೆ ಕೇಳಿತು: "ಆ ಕಡೆ ಹೊಳ್ರಿ. ಹಾಂ, ಹಂಗಽ ಸುಮ್ನ ನಿಂದರ್ರಿ. ಅಲ್ಲಾಡಬ್ಯಾಡ್ರಿ."

ಏನೋ ಉಪಾಯ ಇರಬೇಕೆಂದು ಇಡೀ ದಂಡು ತಿರುಗಿ ಶತ್ರುವಿಗೆ ಬೆನ್ನು ಕೊಟ್ಟು ನಿಂತಿತು. ಅವರು ಬಂದು ಎಲ್ಲರನ್ನೂ ಸಾವಕಾಶ ಹೊಡೆದುಹಾಕಿದರು.

"ನಿಂದರ್ರಿ ಅಂದವರು ನೀವಽ ಅಲ್ಲೇನ್ರಿ ಭಾಯಿ?" ಎಂದೆ.

"ನಿಮಗ ಯಾರು ಅಂದ್ರು? ನಾ ಗಿರಾಕಿದು ಪ್ಯಾಂಟಿನ ಅಳತಿ ತಗೋಳಾಕತ್ತಿದ್ದೆ!"

ನಾಕು ದಿನ ಬಿಟ್ಟು ನಾನೇ ಕೇಳಿದೆ: "ಹೋಗ್ಲಿ ಬಿಡ್ರಿ. ಪ್ಯಾಂಟರೆ ಸರಿ ಬಂತೇನು?"

ಭಾಯಿ ನಿಟ್ಟುಸಿರು ಬಿಟ್ಟರು. "ಎಲ್ಲೀದ್ರಿ, ನಿಮ್ಮ ಚೀರಾಟದಾಗ ಅದೂ ಗಿಡ್ಡ ಆತು."

ಹೇಳದೆ ಹೋಗಬಾರದು

ಅಣ್ಣಿಗೇರಿಯಲ್ಲಿ ಬೀಜದ ಅಂಗಡಿ ಇಟ್ಟಿದ್ದ ಕಾಕಾ ನಮ್ಮಲ್ಲಿ ಹಿರಿಯರು. ದಾಳಿಗೆ ಮೊದಲು ಶತ್ರುವಿಗೆ ಗುಟ್ಟಾಗಿ ಮೆಸೇಜು ಕಳಿಸಿದ್ದರು: "ನಾಳಿ ನಿಮ್ಮ ಕೋಟಿಗೆ ಬರಾವ್ರದೇವಿ. ಅನುಕೂಲ ಐತೇನ್ರಿ?" ಅತ್ತಲಿಂದ ಉತ್ತರವೂ ಬಂತು: "ನಾಳಿ ಶ್ಯಾವಿಗಿ ಹಾಕೂದೈತ್ರಿ. ನಾಡದ ಬರ್ರಿ."

ಗೊತ್ತಾಗಿ ಭಾಯಿ ಸಿಟ್ಟಾದರು. "ಕಾಕಾ, ಇದೇನು ಯುದ್ಧಾನೋ, ಕನ್ಯಾ ನೋಡೂದೋ?"

"ಏನರೆ ಇರ್ಲಿ," ಎಂದರು ಕಾಕಾ, "ಹೇಳದ ಹೋಗಬಾರದಪಾ."

ಹುಲಿ

ಬಮ್ಮಿಗಟ್ಟಿ ಕಡೆಯ ಗುಂಪಿನ ಮುಖಂಡನ ಹೆಸರು ಹುಲಿ. ನಮ್ಮ ಕೋಟೆಯನ್ನು ಸುಟ್ಟಾಗಲೆಲ್ಲ ಕೆಳಗೆ ಒಂದೇ ಸಾಲು ಬರೆಯುತ್ತಿತ್ತು: "ಮತ್ತ ಕಟ್ಟಿಕೋರಿ, ಮತ್ತ ಬರ್ತೇನಿ." ಮಾತಿಲ್ಲ, ಕತೆಯಿಲ್ಲ; ದನಿ ಯಾರೂ ಕೇಳಿದ್ದಿಲ್ಲ.

ಆಟ ಮುಚ್ಚುತ್ತೇವೆ ಎಂದು ನೋಟೀಸು ಬಂತು. ಕಡೇ ಸಂಜೆ ಯಾರಿಗೂ ಹೊಡೆದಾಡುವ ಮನಸ್ಸಾಗಲಿಲ್ಲ. ಎರಡೂ ಕಡೆಯವರು ಒಂದೇ ಬಯಲಿಗೆ ಬಂದು ನಿಂತೆವು. ಹುಲಿಯೂ ಬಂದು ನಮ್ಮ ಪಕ್ಕಕ್ಕೆ ನಿಂತಿತು. "ಬರೂ ಐತವಾರ ಎಲ್ಲಾರೂ ನಮ್ಮ ಮನಿಗೆ ಊಟಕ್ಕ ಬರ್ರಪಾ," ಎಂದು ಕಾಕಾ ಅಂಗಡಿಯ ಗುರುತು ಹೇಳಿ ಮುಗಿಸುವಷ್ಟರಲ್ಲಿ ಪರದೆ ಕಪ್ಪಾಯಿತು. ನನ್ನ ಮುಖ ನೋಡಿ ಹೆಂಡತಿ "ಯಾರರೆ ಹೋದ್ರೇನು?" ಎಂದಳು.

ಆ ಭಾನುವಾರ ಕಾಕಾ ಮನೆಯ ಪಡಸಾಲೆ ತುಂಬಿತು. ದನಿ ಕೇಳಿ ಗುರುತು ಹಿಡಿದು ಅಪ್ಪಿಕೊಂಡದ್ದೇ ಅಪ್ಪಿಕೊಂಡದ್ದು. ಹುಲಿ ಎಲ್ಲಿ ಎಂದು ಹುಡುಕಿದರೆ, ನಿವೃತ್ತಿಯಾದ ಕನ್ನಡ ಶಾಲೆಯ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು! ದಪ್ಪ ಚಷ್ಮಾ, ಇಳಕಲ್ ಸೀರೆ. ತಾವೇ ತಂದ ಗುರೆಳ್ಳು ಚಟ್ನಿಯನ್ನು "ಇನ್ನೊಂದೀಟು ಹಾಕ್ಕೋರಿ" ಎಂದು ಎಲ್ಲರಿಗೂ ಬಡಿಸಿದರು. ಇವರೇನು ನಮ್ಮನ್ನು ಸುಟ್ಟವರು ಅನಿಸಿತು.

ಅವರ ಯಜಮಾನರೂ ಜೊತೆಗೆ ಬಂದಿದ್ದರು. ಕೈ ತೊಳೆಯುವಾಗ ನನ್ನ ಬದಿಗೆ ಬಂದು, ಹಿಂದೆ ಮುಂದೆ ನೋಡಿ, ಮೆಲ್ಲಗೆ ಅಂದರು:

"ಏನರೆ ಮಾಡಿ ಆಟ ಮತ್ತ ಚಾಲೂ ಮಾಡಸ್ರಿ. ಇಷ್ಟು ವರ್ಷ ಆಕಿ ಸಿಟ್ಟೆಲ್ಲಾ ನಿಮ್ಮ ಕಡೆ ಹೋಗತಿತ್ತು. ಈಗ ನನ್ನ ಕಡೆ ಹೊಳ್ಳೈತಿ. ನಿಮಗರೆ ಒಂದು ಗುಂಪಿತ್ತು. ನಾ ಒಬ್ಬಾವನಽ ಅದೇನ್ರಿ!"